ಲೇಬಲ್ಲಿನ ಅಂಕಿ, ಬೆನ್ನ ಮೇಲಿನ ಭಾರ

ನಾಲ್ಕು ಹಗಲು, ಮೂರು ರಾತ್ರಿಗಳ ಬೆಟ್ಟದ ಚಾರಣವೊಂದನ್ನು ಮುಗಿಸಿ ಬಂದು, ಹೊತ್ತೊಯ್ದಿದ್ದ ಸಾಮಾನನ್ನೆಲ್ಲ ನೆಲದ ಮೇಲೆ ಹರವಿಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊರಟಾಗ ಕುಡಿಯುವ ನೀರೂ ಸೇರಿ ಚೀಲದ ತೂಕ 9.5 ಕಿಲೋ ಇತ್ತು. ದಾರಿ ಸುಮಾರು 1,100 ಮೀಟರ್ ಎತ್ತರದಲ್ಲಿ ಆರಂಭವಾಗಿ 2,600 ಮೀಟರಿನವರೆಗೆ ಏರುತ್ತಿತ್ತು. ನಾಲ್ಕರಲ್ಲಿ ಎರಡು ದಿನ ಮಳೆ ಬಿಡದೆ ಸುರಿಯಿತು. ಕೊನೆಯ ರಾತ್ರಿ ಉಷ್ಣಾಂಶ 4 ಡಿಗ್ರಿಗೆ ಇಳಿಯಿತು. ನಡೆಯುವವನಿಗೆ ಅದೇನೂ ಹಿತವಾಗಿರಲಿಲ್ಲ, ಆದರೆ ಉಡುಪನ್ನೂ ಸಾಮಗ್ರಿಯನ್ನೂ ಪರೀಕ್ಷಿಸುವುದಕ್ಕೆ ಅಂಥ ಹವೆಯೇ ಬೇಕು.

ಚಾರಣದ ಸಾಮಾನು ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಲೇಬಲ್ಲಿನ ಅಂಕಿಗಳು. ಜಾಕೆಟ್ಟಿಗೆ 20,000 ಮಿಲಿಮೀಟರ್, ಟಾರ್ಚಿಗೆ 400 ಲ್ಯೂಮೆನ್ ಬೆಳಕು, ಸ್ಲೀಪಿಂಗ್ ಬ್ಯಾಗಿಗೆ ಸೊನ್ನೆ ಡಿಗ್ರಿ, ಚೀಲಕ್ಕೆ 50 ಲೀಟರ್. ಈ ಅಂಕಿಗಳು ಸುಳ್ಳಲ್ಲ. ಆದರೆ ಒಂದೊಂದನ್ನೂ ಯಾವುದೋ ಒಂದು ನಿಗದಿತ ಸ್ಥಿತಿಯಲ್ಲಿ ಅಳೆದಿರುತ್ತಾರೆ, ಆ ಸ್ಥಿತಿ ಯಾವುದೆಂಬುದನ್ನು ಲೇಬಲ್ಲು ಹೇಳುವುದಿಲ್ಲ. ಹಾಗಾಗಿ ಅಂಕಿ ದೊಡ್ಡದಿದ್ದಷ್ಟೂ ವಸ್ತು ಒಳ್ಳೆಯದೆಂದು ನಂಬಿ ಹಣ ತೆತ್ತವರು ಬೆಟ್ಟದ ಮೇಲೆ ಒದ್ದೆಯಾಗಿ, ನಡುಗಿ, ಕತ್ತಲಲ್ಲಿ ತಡವರಿಸಿ, ಕೊನೆಗೆ ಕಂಪನಿಯನ್ನು ಬಯ್ಯುತ್ತಾರೆ. ನಾನೂ ಹಾಗೆ ಬಯ್ದವನೇ. ಈ ಬಾರಿ ಪ್ರತಿಯೊಂದು ಅಂಕಿಯ ಹಿಂದೆ ಏನಿದೆಯೆಂದು ತಿಳಿದುಕೊಂಡು ಹೋಗಿದ್ದರಿಂದ, ಯಾವ ವಸ್ತು ತನ್ನ ತೂಕಕ್ಕೆ ತಕ್ಕ ಕೆಲಸ ಮಾಡಿತು, ಯಾವುದು ಬರಿಯ ಹೊರೆಯಾಯಿತು ಎಂಬುದನ್ನು ಸ್ವಲ್ಪ ನ್ಯಾಯವಾಗಿ ಹೇಳಬಲ್ಲೆ ಎಂದುಕೊಂಡಿದ್ದೇನೆ.

ಶೂಗಳಿಂದ ಆರಂಭಿಸುತ್ತೇನೆ, ಏಕೆಂದರೆ ಇಡೀ ಸಾಮಾನಿನಲ್ಲಿ ನೆಚ್ಚಬಹುದಾದ ಅಂಕಿಯೊಂದೂ ಇಲ್ಲದ ವಸ್ತು ಅದೇ. ಪೆಟ್ಟಿಗೆಯ ಮೇಲಿರುವುದು ಪಾದದ ಅಳತೆ ಮಾತ್ರ. ಅದೂ ಒಬ್ಬ ತಯಾರಕನದು ಇನ್ನೊಬ್ಬನದಕ್ಕೆ ಸರಿಹೊಂದುವುದಿಲ್ಲ. ಉದ್ದ ಸರಿಯಿದ್ದು ಅಗಲ ಕಡಿಮೆಯಿದ್ದರೆ ಕಿರುಬೆರಳು ನಜ್ಜಾಗುತ್ತದೆ. ಅಗಲ ಸರಿಯಿದ್ದು ಹಿಮ್ಮಡಿ ಸಡಿಲವಿದ್ದರೆ ಏರುದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಪಾದ ಮೇಲೆದ್ದು ಚರ್ಮ ಉಜ್ಜಿಹೋಗುತ್ತದೆ. ಆದ್ದರಿಂದ ಶೂಗಳನ್ನು ಸಂಜೆಯ ಹೊತ್ತು, ದಿನವಿಡೀ ಓಡಾಡಿ ಪಾದ ತುಸು ಊದಿಕೊಂಡಿರುವಾಗ, ಚಾರಣದಲ್ಲಿ ಹಾಕಲಿರುವ ಕಾಲುಚೀಲವನ್ನೇ ಧರಿಸಿ ತೊಟ್ಟು ನೋಡಬೇಕು. ಲೇಸ್ ಕಟ್ಟುವ ಮೊದಲು ಬೆರಳುಗಳು ಮುಂದಿನ ತುದಿಗೆ ತಾಗುವಂತೆ ಪಾದವನ್ನು ಮುಂದಕ್ಕೆ ಸರಿಸಿದರೆ ಹಿಮ್ಮಡಿಯ ಹಿಂದೆ ಕೈಬೆರಳೊಂದು ಹಿಡಿಸುವಷ್ಟು ಜಾಗ ಉಳಿಯಬೇಕು. ಆಮೇಲೆ ಲೇಸ್ ಬಿಗಿದು, ಇಳಿಜಾರಿನ ಮೇಲೋ ಮೆಟ್ಟಿಲಿನ ಮೇಲೋ ಕೆಳಮುಖವಾಗಿ ನಡೆದು, ಬೆರಳು ಮುಂದೆ ಹೋಗಿ ಬಡಿಯುತ್ತದೆಯೇ ಎಂದು ನೋಡಬೇಕು. ಹತ್ತುವಾಗ ಎಲ್ಲ ಶೂಗಳೂ ಒಳ್ಳೆಯವೇ. ಉಗುರು ಕಪ್ಪಾಗುವುದು ಇಳಿಯುವಾಗ.

ಈ ಬಾರಿ ನಾನು ತೊಟ್ಟಿದ್ದು ಕಣಕಾಲನ್ನು ಮುಚ್ಚುವ, ಒಳಗೆ ಜಲನಿರೋಧಕ ಪದರವಿರುವ ಶೂ. ಜೊತೆಗಾರನೊಬ್ಬನದು ಕಣಕಾಲಿನ ಕೆಳಗೇ ಮುಗಿಯುವ, ಬಲೆಯಂಥ ಬಟ್ಟೆಯ ಹಗುರ ಶೂ. ಮೊದಲ ದಿನ ಇಬ್ಬನಿಯ ಹುಲ್ಲಿನಲ್ಲಿ ನಡೆಯುವಾಗ ನನ್ನ ಕಾಲು ಒಣಗಿತ್ತು, ಅವನದು ಹತ್ತು ನಿಮಿಷದಲ್ಲಿ ತೊಯ್ದಿತ್ತು. ನನ್ನ ಆಯ್ಕೆಯ ಬಗ್ಗೆ ನನಗೆ ಹೆಮ್ಮೆಯೇ ಆಯಿತು. ಎರಡನೆಯ ದಿನದ ಮಳೆಯಲ್ಲಿ ನೀರು ಕಾಲಿನ ಮೇಲಿಂದ ಹರಿದು ಕಾಲುಚೀಲದ ಮೂಲಕ ಶೂ ಒಳಗೆ ಇಳಿಯಿತು. ಹೊರಗಿನ ನೀರನ್ನು ಒಳಗೆ ಬಿಡದ ಪದರ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಮಳೆ ನಿಂತ ಮೇಲೆ ಅವನ ಶೂ ನಡೆಯುತ್ತ ನಡೆಯುತ್ತಲೇ ಆರುತ್ತ ಬಂದರೆ, ನನ್ನದು ನಾಲ್ಕನೆಯ ದಿನದವರೆಗೂ ಒದ್ದೆಯಾಗಿಯೇ ಉಳಿಯಿತು. ಚಳಿ ಹೆಚ್ಚಿರುವ, ಹಿಮವಿರುವ ಅಥವಾ ಒಂದೇ ದಿನದ ದಾರಿಗೆ ಜಲನಿರೋಧಕ ಶೂ ಸರಿ. ಬೆಚ್ಚನೆಯ ಹವೆಯಲ್ಲಿ ದಿನಗಟ್ಟಲೆ ಮಳೆ ಸುರಿಯುವಲ್ಲಿ ಬೇಗ ಒದ್ದೆಯಾಗಿ ಬೇಗ ಒಣಗುವ ಶೂಗಳೇ ಮೇಲು ಎಂಬುದು ನನ್ನ ತೀರ್ಪು. ಕಣಕಾಲಿನ ಎತ್ತರದ ವಿಷಯದಲ್ಲಿ ನಾನು ಅಷ್ಟು ಹಟ ಹಿಡಿಯುವುದಿಲ್ಲ. ಹೊರೆ ಹಗುರವಿದ್ದು ದಾರಿ ಸವೆದದ್ದಾಗಿದ್ದರೆ ಗಿಡ್ಡ ಶೂ ಸಾಕು. ಸಡಿಲ ಕಲ್ಲುಗಳ ದಾರಿಗೆ, ಭಾರದ ಚೀಲಕ್ಕೆ ಎತ್ತರದ್ದು ಧೈರ್ಯ ಕೊಡುತ್ತದೆ.

ಅಟ್ಟೆಯ ಬಗ್ಗೆ ಒಂದು ಮಾತು. ಆಳವಾದ ಗೀರುಗಳುಳ್ಳ ರಬ್ಬರ್ ಅಟ್ಟೆ ಇಂದು ಎಲ್ಲ ಚಾರಣದ ಶೂಗಳಲ್ಲೂ ಇರುವುದರಿಂದ ಅದು ಮೊದಲಿನಿಂದಲೂ ಇದ್ದದ್ದೆಂದೇ ನಾವು ಭಾವಿಸುತ್ತೇವೆ. 1935ರಲ್ಲಿ ಇಟಲಿಯ ಪುಂಟಾ ರಾಸಿಕಾ ಶಿಖರದಲ್ಲಿ ಹವೆ ಕೆಟ್ಟು ಆರು ಮಂದಿ ಪರ್ವತಾರೋಹಿಗಳು ಸತ್ತರು. ಅವರ ಪಾದರಕ್ಷೆಗಳು ಆ ಸ್ಥಿತಿಗೆ ತಕ್ಕವಾಗಿರಲಿಲ್ಲ. ಅವರ ಸಂಗಡಿಗನಾಗಿದ್ದ ವಿಟಾಲೆ ಬ್ರಮಾನಿ ಆ ದುರಂತದ ಬಳಿಕ ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ ರಬ್ಬರ್ ಅಟ್ಟೆಯೇ ವಿಬ್ರಮ್. ಅಂಗಡಿಯಲ್ಲಿ ಶೂ ತಿರುಗಿಸಿ ನೋಡುವಾಗ ಗೀರಿನ ಆಳವನ್ನು ನೋಡಿದರೆ ಸಾಲದು. ರಬ್ಬರನ್ನು ಉಗುರಿನಿಂದ ಒತ್ತಿ ನೋಡಬೇಕು. ತುಂಬ ಗಡುಸಾದ ರಬ್ಬರ್ ವರ್ಷಗಟ್ಟಲೆ ಸವೆಯದೆ ಬಾಳುತ್ತದೆ, ಆದರೆ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಮೆದುವಾದದ್ದು ಹಿಡಿತ ಕೊಟ್ಟು ಬೇಗ ಸವೆಯುತ್ತದೆ. ಎರಡನ್ನೂ ಕೊಡುತ್ತೇವೆ ಎನ್ನುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಎರಡು ವರ್ಷದ ಹಿಂದೆ ಬೇರೊಂದು ಜೊತೆ ಶೂಗಳಿಂದ ಒಂದು ಪಾಠವನ್ನು ಕಲಿತೆ. ಹೆಸರಾಂತ ತಯಾರಕರೊಬ್ಬರ ಬೆಲೆಬಾಳುವ ಶೂಗಳನ್ನು ಏಳು ವರ್ಷಗಳ ಕಾಲ ಜತನವಾಗಿ ಪೆಟ್ಟಿಗೆಯಲ್ಲಿಟ್ಟಿದ್ದೆ; ಹತ್ತು ಬಾರಿಯೂ ತೊಟ್ಟಿರಲಿಲ್ಲ. ಹೊರಗಿನಿಂದ ಹೊಸದರಂತೆಯೇ ಇದ್ದ ಅವುಗಳ ಬಲಗಾಲಿನ ಅಟ್ಟೆ ನಡಿಗೆಯ ಎರಡನೆಯ ಗಂಟೆಯಲ್ಲಿ ಬಾಯಿ ಬಿಟ್ಟಿತು. ಮಧ್ಯಾಹ್ನದ ವೇಳೆಗೆ ನಡುವಣ ಮೆತ್ತನೆಯ ಪದರ ಒಣಮಣ್ಣಿನ ಹೆಂಟೆಯಂತೆ ಪುಡಿಯಾಗಿ ಉದುರಿತು. ಟೆಂಟಿನ ಹಗ್ಗದಿಂದ ಅಟ್ಟೆಯನ್ನು ಕಟ್ಟಿಕೊಂಡು ಕುಂಟುತ್ತ ಇಳಿದು ಬಂದೆ. ಅಂದು ಕೋಪ ಬಂದದ್ದು ನಿಜ, ಆದರೆ ತಪ್ಪು ಅರ್ಧ ನನ್ನದೇ. ಆ ಪದರ ಪಾಲಿಯುರಿಥೇನ್ ಎಂಬ ನೊರೆಯದು. ಗಾಳಿಯಲ್ಲಿರುವ ತೇವ ಅದರ ಅಣುಸರಪಣಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಇದಕ್ಕೆ ಜಲವಿಚ್ಛೇದನ ಎನ್ನುತ್ತಾರೆ. ಶೂ ತೊಟ್ಟರೂ ತೊಡದಿದ್ದರೂ ಅದು ನಡೆಯುತ್ತಲೇ ಇರುತ್ತದೆ, ಮುಚ್ಚಿದ ಪೆಟ್ಟಿಗೆಯ ಸೆಕೆಯಲ್ಲಿ ಇನ್ನೂ ಬೇಗ ನಡೆಯುತ್ತದೆ. ಇವಿಎ ಎಂಬ ಇನ್ನೊಂದು ಬಗೆಯ ನೊರೆಯ ಪದರಕ್ಕೆ ಈ ರೋಗವಿಲ್ಲ, ಆದರೆ ಅದು ತುಳಿತಕ್ಕೆ ಬೇಗ ಚಪ್ಪಟೆಯಾಗುತ್ತದೆ. ಔಷಧದ ಸೀಸೆಯ ಮೇಲೆ ಅವಧಿ ಮುಗಿಯುವ ದಿನವಿರುವಂತೆ ಶೂ ಮೇಲೆ ಇರುವುದಿಲ್ಲ. ಹಳೆಯ ಶೂಗಳನ್ನು ತೊಟ್ಟು ಹೊರಡುವ ಮುನ್ನ ಅಟ್ಟೆಯನ್ನು ಎರಡೂ ಕೈಗಳಿಂದ ಬಗ್ಗಿಸಿ, ಅಂಚಿನಲ್ಲಿ ಬಿರುಕು ಕಾಣುತ್ತದೆಯೇ ಎಂದು ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

ಕಾಲುಚೀಲವನ್ನು ಕೊಳ್ಳುವಾಗ ಮಾತ್ರ ಜಿಪುಣತನ ಮಾಡಬಾರದು. ಬೊಬ್ಬೆ ಏಳುವುದಕ್ಕೆ ಬಿಸಿ, ತೇವ, ಉಜ್ಜಾಟ ಮೂರೂ ಕಾರಣ; ಇವುಗಳಲ್ಲಿ ತೇವವನ್ನು ತಗ್ಗಿಸುವ ಶಕ್ತಿ ಉಣ್ಣೆ ಬೆರೆತ ಕಾಲುಚೀಲಕ್ಕೆ ಇದೆ, ಹತ್ತಿಯದಕ್ಕೆ ಇಲ್ಲ. ನಡೆಯಲು ಎರಡು ಜೊತೆ, ಮಲಗಲು ಮಾತ್ರ ಬಳಸುವ ಒಣಗಿದ ಒಂದು ಜೊತೆ ಸಾಕಾಯಿತು. ಹಿಮ್ಮಡಿ ಚುರುಗುಟ್ಟಿದೊಡನೆ, ಜೊತೆಗಾರರು ಮುಂದೆ ಹೋದರೂ ಚಿಂತೆಯಿಲ್ಲವೆಂದು ಕುಳಿತು, ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿಕೊಂಡೆ. ಸಂಕೋಚಪಟ್ಟು ನಡೆಯುತ್ತಲೇ ಹೋದ ಮಿತ್ರನಿಗೆ ಸಂಜೆಯ ಹೊತ್ತಿಗೆ ನಾಣ್ಯದಗಲದ ಬೊಬ್ಬೆ ಎದ್ದಿತ್ತು.

ಇನ್ನು ಉಡುಪು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸಾಗಿಸುತ್ತದೆ ಎಂಬ ಒಂದೇ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಬಟ್ಟೆಯ ಆಯ್ಕೆಯ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಮನೆಯಲ್ಲಿ ಮೈಗೆ ಅತ್ಯಂತ ಹಿತವಾಗಿರುವ ಹತ್ತಿ ಬೆಟ್ಟದ ಮೇಲೆ ಶತ್ರುವಾಗುವುದು ಇದೇ ಕಾರಣಕ್ಕೆ: ಅದು ಬೆವರನ್ನು ಹೀರಿ, ಹಿಡಿದಿಟ್ಟುಕೊಂಡು, ನಿಂತೊಡನೆ ಮೈಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಜೀನ್ಸ್ ಇನ್ನೂ ಕೆಟ್ಟದ್ದು. ಒಮ್ಮೆ ನೆನೆದರೆ ಮಂಡಿಯನ್ನು ಮಡಿಸಲೂ ಬಿಡುವುದಿಲ್ಲ. ಬಿರುಬಿಸಿಲಿನ ಒಣಹವೆಯಲ್ಲಿ ಒದ್ದೆ ಹತ್ತಿ ತಂಪು ಕೊಡುತ್ತದೆ ಎಂಬ ಅಪವಾದವನ್ನು ನಾನು ಒಪ್ಪುತ್ತೇನೆ, ಆದರೆ ಅಂಥ ಕಡೆಯೂ ರಾತ್ರಿಗೆ ಬೇರೆ ಬಟ್ಟೆ ಇರಲೇಬೇಕು.

ಮೈಗೆ ತಾಗುವ ಪದರಕ್ಕೆ ಪಾಲಿಯೆಸ್ಟರಿನ ಅಂಗಿಯೊಂದನ್ನು, ಮೆರಿನೋ ಉಣ್ಣೆಯದೊಂದನ್ನು ಒಯ್ದಿದ್ದೆ. ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ; ಹಿಂಡಿ ಕೊಂಬೆಗೆ ಹಾಕಿದರೆ ಗಾಳಿಗೆ ಬೇಗ ಆರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಅದರ ದೋಷ ಎರಡನೆಯ ದಿನ ಗೊತ್ತಾಗುತ್ತದೆ, ಅದೂ ತೊಟ್ಟವನಿಗಿಂತ ಮೊದಲು ಟೆಂಟಿನಲ್ಲಿ ಪಕ್ಕಕ್ಕೆ ಮಲಗಿದವನಿಗೆ. ಮೆರಿನೋ ಎಳೆಗಳು ಮನುಷ್ಯನ ಕೂದಲಿಗಿಂತ ಬಹಳ ಸಪೂರವಾಗಿರುವುದರಿಂದ ಸಾಮಾನ್ಯ ಉಣ್ಣೆಯಂತೆ ಚುಚ್ಚುವುದಿಲ್ಲ; ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಅಡಗಿಸಿಕೊಂಡೂ ಒದ್ದೆಯೆನಿಸುವುದಿಲ್ಲ, ನಾಲ್ಕು ದಿನಕ್ಕೂ ವಾಸನೆ ಬರುವುದಿಲ್ಲ. ಆದರೆ ಬೆಲೆ ಹೆಚ್ಚು, ಆರುವುದು ನಿಧಾನ, ಚೀಲದ ಪಟ್ಟಿ ಉಜ್ಜುವಲ್ಲಿ ಬೇಗ ತೂತು ಬೀಳುತ್ತದೆ. ನನ್ನ ಅಂಗಿಯ ಎಡಹೆಗಲಿನಲ್ಲಿ ಈಗಾಗಲೇ ಎರಡು ತೂತುಗಳಿವೆ. ಹಗಲಿಗೆ ಪಾಲಿಯೆಸ್ಟರ್, ರಾತ್ರಿಗೆ ಮೆರಿನೋ ಎಂಬ ಏರ್ಪಾಡೇ ನನಗೆ ಸರಿಯೆನಿಸಿತು.

ಎರಡನೆಯ ಪದರವಾಗಿ ಫ್ಲೀಸ್ ಎಂಬ, ಪಾಲಿಯೆಸ್ಟರ್ ಎಳೆಯ ಮೆತ್ತನೆಯ ಬಟ್ಟೆಯ ಜಾಕೆಟ್. 1979ರಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ತಯಾರಿಸಿದ ಈ ಬಟ್ಟೆ ಅಂದಿನಿಂದ ಮೂಲತಃ ಹೆಚ್ಚು ಬದಲಾಗಿಲ್ಲ, ಬದಲಾಗುವ ಅಗತ್ಯವೂ ನನಗೆ ಕಾಣಲಿಲ್ಲ. ಅಗ್ಗದ ಫ್ಲೀಸಿಗೂ ದುಬಾರಿ ಫ್ಲೀಸಿಗೂ ಬೆಟ್ಟದ ಮೇಲೆ ಅಂಥ ಅಂತರ ಗೊತ್ತಾಗುವುದಿಲ್ಲ. ಹಣ ಉಳಿಸಬೇಕಾದರೆ ಇಲ್ಲಿ ಉಳಿಸಬಹುದು. ಅದರ ಮೂಲಕ ಗಾಳಿ ನುಸುಳುತ್ತದೆ ಎಂಬುದೇ ಅದರ ಗುಣವೂ ದೋಷವೂ: ನಡೆಯುವಾಗ ಬೆವರು ಆರುತ್ತದೆ, ಗಾಳಿಯ ಬಯಲಿನಲ್ಲಿ ನಿಂತರೆ ಮೇಲೊಂದು ಪದರ ಬೇಕಾಗುತ್ತದೆ. ಬಾತುಕೋಳಿಯ ಮೆದುಗರಿ ತುಂಬಿದ ಜಾಕೆಟ್ ಹಗುರತನದಲ್ಲಿ ಸಾಟಿಯಿಲ್ಲದ್ದು, ಆದರೆ ನೆನೆದರೆ ಮುದ್ದೆಯಾಗಿ ಕಾವನ್ನೇ ಕಳೆದುಕೊಳ್ಳುತ್ತದೆ. ಮಳೆಯ ಸೂಚನೆ ಇದ್ದುದರಿಂದ ಅದನ್ನು ಬಿಟ್ಟು, ಕೃತಕ ಎಳೆ ತುಂಬಿದ್ದನ್ನು ಒಯ್ದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಅತಿ ಹೆಚ್ಚು ನಿರೀಕ್ಷೆ, ಅತಿ ಹೆಚ್ಚು ನಿರಾಸೆ ಎರಡೂ ಸೇರುವುದು ಮಳೆಯ ಜಾಕೆಟ್ಟಿನಲ್ಲಿ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿ, ಎಷ್ಟು ಎತ್ತರಕ್ಕೆ ಹೋದಾಗ ಒಳಗೆ ಹನಿ ಜಿನುಗುತ್ತದೆ ಎಂದು ನೋಡಿ ಕೊಟ್ಟ ಅಂಕಿಯೇ ಲೇಬಲ್ಲಿನ ಮಿಲಿಮೀಟರ್. ಅಲ್ಲಿ ಪರೀಕ್ಷೆಗೊಳಗಾಗುವುದು ಹೊಚ್ಚಹೊಸ ಬಟ್ಟೆಯ ಒಂದು ತುಂಡು. ಝಿಪ್ಪು, ಹೊಲಿಗೆ, ಟೋಪಿಯ ಅಂಚು ಇವಾವುವೂ ಅಲ್ಲ. ನನ್ನದು 20,000 ಮಿಲಿಮೀಟರಿನದು. ನೀರು ಬಂದದ್ದು ಬಟ್ಟೆಯ ಮೂಲಕವಲ್ಲ, ಕುತ್ತಿಗೆಯ ಬಳಿ ಝಿಪ್ಪಿನ ತುದಿಯಿಂದ ಮತ್ತು ಕೋಲು ಹಿಡಿಯಲು ಕೈ ಎತ್ತಿದಾಗ ತೋಳಿನ ಅಂಚಿನಿಂದ. ಆದ್ದರಿಂದ ಅಂಗಡಿಯಲ್ಲಿ ಅಂಕಿಯನ್ನು ಒಮ್ಮೆ ನೋಡಿ, ಉಳಿದ ಸಮಯವನ್ನೆಲ್ಲ ಹೊಲಿಗೆಗಳ ಒಳಭಾಗದಲ್ಲಿ ಪಟ್ಟಿ ಅಂಟಿಸಿದ್ದಾರೆಯೇ, ಟೋಪಿ ತಲೆಯೊಂದಿಗೆ ತಿರುಗುತ್ತದೆಯೇ, ಮಣಿಕಟ್ಟನ್ನು ಬಿಗಿಯಲು ಬರುತ್ತದೆಯೇ ಎಂದು ನೋಡುವುದರಲ್ಲಿ ಕಳೆಯುವುದು ಲೇಸು.

'ಉಸಿರಾಡುವ ಬಟ್ಟೆ' ಎಂಬ ಮಾತಿಗೂ ಸ್ವಲ್ಪ ವಿವರಣೆ ಬೇಕು. 1969ರಲ್ಲಿ ಬಾಬ್ ಗೋರ್ ಎಂಬಾತ ಬಿಸಿಮಾಡಿದ ಪಿಟಿಎಫ್‌ಇ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ನಿಧಾನವಾಗಿ ಎಳೆದಾಗಲೆಲ್ಲ ಅವು ಮುರಿಯುತ್ತಿದ್ದವು. ಬೇಸತ್ತು ಒಮ್ಮೆಗೇ ಜಗ್ಗಿದಾಗ ಅದು ಎಷ್ಟೋ ಪಟ್ಟು ಉದ್ದಕ್ಕೆ ಹಿಗ್ಗಿತು. ಹಾಗೆ ಹಿಗ್ಗಿದ ಪದರದಲ್ಲಿರುವ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ಆವಿಯ ಅಣುವಿಗಿಂತ ಬಹಳ ದೊಡ್ಡವು. ಮಳೆಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ಗೋರ್‌ಟೆಕ್ಸ್ ಎಂಬ ಪದರ ಹುಟ್ಟಿದ್ದು ಹೀಗೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಜಾಕೆಟ್ಟಿನ ಒಳಗೆ ಬಿಸಿಯೂ ತೇವವೂ ಹೆಚ್ಚಿದ್ದು ಹೊರಗೆ ಕಡಿಮೆಯಿರಬೇಕು. ಬೆಚ್ಚನೆಯ ಮಳೆಯಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಎಂಥ ದುಬಾರಿ ಪದರವೂ ಕೈಚೆಲ್ಲುತ್ತದೆ. ಜೊತೆಗೆ, ಹೊರಮೈಯ ಮೇಲೆ ಹನಿಗಳನ್ನು ಉರುಳಿಸುವ ಲೇಪ ಚೀಲದ ಪಟ್ಟಿಯ ಉಜ್ಜಾಟಕ್ಕೆ ಸವೆದರೆ ಅಲ್ಲಿ ಹೊರಬಟ್ಟೆ ನೀರು ಕುಡಿದು ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಎರಡನೆಯ ದಿನ ಮಧ್ಯಾಹ್ನದ ಬಳಿಕ ನನ್ನ ಹೆಗಲುಗಳಲ್ಲಿ ಆದದ್ದು ಅದೇ. ಜಾಕೆಟ್ ಸೋರುತ್ತಿದೆ ಎಂದು ಮೊದಲು ಭಾವಿಸಿದೆ. ಅದು ನನ್ನದೇ ಬೆವರು. ಕಂಕುಳ ಕೆಳಗಿನ ಝಿಪ್ಪುಗಳನ್ನು ತೆರೆದ ಮೇಲೆ ಸಿಕ್ಕ ನೆಮ್ಮದಿ ಯಾವ ಅಂಕಿಯಿಂದಲೂ ಸಿಗಲಿಲ್ಲ. ಸವೆದ ಲೇಪವನ್ನು ಜಾಕೆಟ್ ತೊಳೆದು, ಹದವಾದ ಬಿಸಿಯಲ್ಲಿ ಒಣಗಿಸಿ ಸ್ವಲ್ಪಮಟ್ಟಿಗೆ ಮರಳಿ ಪಡೆಯಬಹುದು. ತೊಳೆದರೆ ಹಾಳಾಗುತ್ತದೆ ಎಂಬ ಭಯದಿಂದ ಜಾಕೆಟ್ಟನ್ನು ವರ್ಷಗಟ್ಟಲೆ ಕೊಳೆಯಾಗಿಯೇ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ನಗೆಪಾಟಲಿಗೆ ಗುರಿಯಾಗುತ್ತೇನೆಂದು ತಿಳಿದೂ ಹೇಳುತ್ತೇನೆ: ಇಡೀ ಪ್ರವಾಸದಲ್ಲಿ ಮಳೆಗೆ ಅತ್ಯುತ್ತಮ ಸಾಧನವಾದದ್ದು 200 ಗ್ರಾಮಿನ ಮಡಿಸುವ ಕೊಡೆ. ಗಾಳಿಯಿಲ್ಲದ, ದಾರಿ ಅಗಲವಿರುವ ಕಾಡಿನಲ್ಲಿ ಅದರ ಕೆಳಗೆ ಅಂಗಿಯೊಂದರಲ್ಲೇ, ಬೆವರದೆ ನಡೆದೆ. ಕಡಿದಾದ ಏರಿನಲ್ಲಿ, ಬಯಲ ಗಾಳಿಯಲ್ಲಿ ಅದು ನಿಷ್ಪ್ರಯೋಜಕ. ಜಾಕೆಟ್ಟಿಗೆ ಬದಲಿ ಖಂಡಿತ ಅಲ್ಲ.

ಬಿಸಿಲಿನ ವಿಷಯವನ್ನು ಮಳೆಗಾಲದ ಚಾರಣಿಗರು ಮರೆಯುತ್ತಾರೆ. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ, ಆದರೆ ಉಷ್ಣಾಂಶ ಆರು ಡಿಗ್ರಿಗೂ ಹೆಚ್ಚು ಇಳಿಯುವುದರಿಂದ ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ತೆಳು ಅಂಗಿ ಇಷ್ಟು ಸಾಕು. ಬಟ್ಟೆಯ ಮೇಲೆ ಯುಪಿಎಫ್ 50 ಎಂದಿದ್ದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗೆ ಬರುತ್ತದೆ ಎಂದರ್ಥ.

ಬೆನ್ನುಚೀಲದ ಲೀಟರನ್ನು ನೋಡಿ ಕೊಳ್ಳುವುದು ಶೂಗಳ ಬಣ್ಣವನ್ನು ನೋಡಿ ಕೊಂಡಂತೆ. ಒಂದು ದಿನಕ್ಕೆ 20ರಿಂದ 30 ಲೀಟರ್, ಟೆಂಟು ಸಹಿತ ಮೂರು ನಾಲ್ಕು ದಿನಕ್ಕೆ 45ರಿಂದ 55 ಎಂಬ ಅಂದಾಜು ಸಾಕು. ಅದಕ್ಕಿಂತ ದೊಡ್ಡದನ್ನು ಕೊಂಡರೆ ಖಾಲಿ ಜಾಗವನ್ನು ತುಂಬುವ ಆಸೆ ತಡೆಯಲಾಗದು. ನಿಜವಾಗಿ ಅಳೆಯಬೇಕಾದದ್ದು ನಮ್ಮ ಬೆನ್ನನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗಿನ ಉದ್ದಕ್ಕೆ ಚೀಲದ ಚೌಕಟ್ಟು ಹೊಂದಬೇಕು. ಹೊಂದಿದರೆ ಭಾರದ ಹೆಚ್ಚಿನ ಪಾಲು ಸೊಂಟಪಟ್ಟಿಯ ಮೂಲಕ ಸೊಂಟಕ್ಕೂ ಕಾಲುಗಳಿಗೂ ಇಳಿಯುತ್ತದೆ; ಹೊಂದದಿದ್ದರೆ ಅದೆಲ್ಲ ಹೆಗಲಿನಿಂದ ಜೋತುಬೀಳುತ್ತದೆ. ಖಾಲಿ ಚೀಲವನ್ನು ಬೆನ್ನಿಗೇರಿಸಿ ಕನ್ನಡಿ ನೋಡುವುದರಲ್ಲಿ ಅರ್ಥವಿಲ್ಲ. ಏಳೆಂಟು ಕಿಲೋ ತುಂಬಿಸಿಕೊಂಡು ಅಂಗಡಿಯಲ್ಲೇ ಕಾಲು ಗಂಟೆ ಓಡಾಡಬೇಕು. ಮಾರುವವರ ಮುಖ ಸಪ್ಪಗಾದರೆ ಆಗಲಿ. ನನ್ನ 48 ಲೀಟರಿನ ಚೀಲ ಈ ವಿಷಯದಲ್ಲಿ ಮೆಚ್ಚುಗೆಗೆ ಪಾತ್ರವಾಯಿತು, ಆದರೆ ಅದರೊಂದಿಗೆ ಬಂದ ಮಳೆಹೊದಿಕೆ ಅಲ್ಲ: ಬೆನ್ನಿಗೂ ಚೀಲಕ್ಕೂ ನಡುವೆ ಇಳಿದ ನೀರನ್ನು ಅದು ತಡೆಯದೆ, ತಳದಲ್ಲಿ ತೊಟ್ಟಿಯಂತೆ ಹಿಡಿದಿಟ್ಟುಕೊಂಡಿತು. ಒಳಗೆ ಹಾಕಿದ್ದ ದಪ್ಪ ಪ್ಲಾಸ್ಟಿಕ್ ಚೀಲವೇ ಬಟ್ಟೆಗಳನ್ನು ಕಾಪಾಡಿತು.

ಸ್ಲೀಪಿಂಗ್ ಬ್ಯಾಗಿನ ಅಂಕಿ ಎಲ್ಲಕ್ಕಿಂತ ಹೆಚ್ಚು ಅಪಾರ್ಥಕ್ಕೆ ಒಳಗಾಗುವಂಥದ್ದು. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷಿಸಿದ ಬ್ಯಾಗುಗಳ ಮೇಲೆ ಸಾಮಾನ್ಯವಾಗಿ ಮೂರು ಉಷ್ಣಾಂಶಗಳಿರುತ್ತವೆ. ಮೊದಲನೆಯದು ಹಿತದ ಮಟ್ಟ. ಎರಡನೆಯದು ಮಿತಿ, ಅಂದರೆ ಚಳಿಗೆ ಅಷ್ಟಾಗಿ ಅಂಜದ ಗಂಡಸೊಬ್ಬ ಮುದುಡಿಕೊಂಡು ಹೇಗೋ ನಿದ್ದೆ ಮಾಡಬಲ್ಲ ಮಟ್ಟ. ಮೂರನೆಯದರಲ್ಲಿ ನಿದ್ದೆಯ ಮಾತೇ ಇಲ್ಲ, ಅದು ಜೀವ ಉಳಿಸಿಕೊಳ್ಳುವ ಲೆಕ್ಕ. ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಬಹುತೇಕ ಎರಡನೆಯದು. ನನ್ನ ಬ್ಯಾಗಿನ ಮೇಲೆ ಸೊನ್ನೆ ಡಿಗ್ರಿ ಎಂದಿದೆ. ಹಿತದ ಮಟ್ಟವನ್ನು ಹುಡುಕಿ ನೋಡಿದರೆ 5 ಡಿಗ್ರಿ. ಕೊನೆಯ ರಾತ್ರಿಯ 4 ಡಿಗ್ರಿಯಲ್ಲಿ ಉಣ್ಣೆಯ ಅಂಗಿ, ಟೋಪಿ, ಒಣಗಿದ ಕಾಲುಚೀಲ ಧರಿಸಿದ ಮೇಲೆಯೇ ನಿದ್ದೆ ಹತ್ತಿತು. ಮಾನದಂಡ ಹೇಳಿದ್ದು ಸರಿಯಾಗಿಯೇ ಇತ್ತು ಎನ್ನಬೇಕು.

ಪರೀಕ್ಷೆಯಲ್ಲಿ ಬ್ಯಾಗನ್ನು ಹಾಸಿನ ಮೇಲೆಯೇ ಇಟ್ಟಿರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಮೈಯ ಭಾರಕ್ಕೆ ಅಡಿಯ ತುಂಬುವಿಕೆ ಚಪ್ಪಟೆಯಾಗುವುದರಿಂದ ಕೆಳಗಿನಿಂದ ಬರುವ ಥಂಡಿಯನ್ನು ಬ್ಯಾಗು ತಡೆಯಲಾರದು. ಅದು ಹಾಸಿನ ಕೆಲಸ. ಹಾಸಿನ ಶಾಖ ತಡೆಯುವ ಶಕ್ತಿಯನ್ನು ಆರ್ ಮೌಲ್ಯ ಎಂದು ಅಚ್ಚು ಹಾಕುತ್ತಾರೆ: ಬೇಸಿಗೆಗೆ 1ರಿಂದ 2, ತಣ್ಣನೆಯ ನೆಲಕ್ಕೆ 3ರ ಮೇಲೆ, ಹಿಮಕ್ಕೆ 5ರ ಆಸುಪಾಸು. ಇದು ಕೂಡಿಸಬಹುದಾದ ಅಂಕಿ ಎಂಬುದು ಅದರ ದೊಡ್ಡ ಗುಣ. 2ರ ಎರಡು ಹಾಸುಗಳನ್ನು ಒಂದರ ಮೇಲೊಂದು ಹಾಸಿದರೆ 4 ಆಗುತ್ತದೆ. ಹೊಸ ಬ್ಯಾಗಿಗೆ ಹಣ ಹಾಕುವ ಮುನ್ನ ಹಳೆಯ ಬ್ಯಾಗಿನ ಕೆಳಗೆ ಒಳ್ಳೆಯ ಹಾಸು ಹಾಕಿ ನೋಡಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ತಲೆಗೆ ಕಟ್ಟುವ ದೀಪ ಮೊದಲ ಸಂಜೆಯೇ ತನ್ನ ಸ್ವಭಾವ ತೋರಿಸಿತು. ಲ್ಯೂಮೆನ್ನನ್ನು ಅಳೆಯುವುದು ತುಂಬಿದ ಬ್ಯಾಟರಿಯಿಂದ ದೀಪ ಹೊತ್ತಿಸಿದ ಮೊದಲ ಕೆಲವೇ ನಿಮಿಷಗಳಲ್ಲಿ. ಉರಿಯುವ ಅವಧಿಯೆಂದು ಅಚ್ಚು ಹಾಕುವುದು ಬೆಳಕು ಆರಂಭದ ಹತ್ತರಲ್ಲೊಂದು ಪಾಲಿಗೆ ಕುಗ್ಗುವವರೆಗಿನ ಸಮಯವನ್ನು. ಹೀಗಾಗಿ 400 ಲ್ಯೂಮೆನ್, 40 ಗಂಟೆ ಎಂಬೆರಡು ಅಂಕಿಗಳು ಪಕ್ಕಪಕ್ಕದಲ್ಲೇ ಇದ್ದರೂ ಎರಡೂ ಒಟ್ಟಿಗೆ ಸಿಗುವುದಿಲ್ಲ. ದಾರಿಯ ಮೇಲೆ ನಡೆಯಲು 100ರ ಆಸುಪಾಸಿನ ಬೆಳಕು ಯಥೇಷ್ಟ. ನಾನು ಮೆಚ್ಚಿದ್ದು ಅದರ ಕೆಂಪು ಬೆಳಕನ್ನು. ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಅದು ಕೆಡಿಸುವುದಿಲ್ಲ, ಟೆಂಟಿನಲ್ಲಿ ಮಲಗಿದವರನ್ನೂ ಎಬ್ಬಿಸುವುದಿಲ್ಲ. ಮೆಚ್ಚದಿದ್ದದ್ದು ಅದರ ಗುಂಡಿ ಚೀಲದೊಳಗೆ ತಾನಾಗಿ ಒತ್ತಿಕೊಳ್ಳುವುದನ್ನು. ಲಾಕ್ ಇರುವ ದೀಪವನ್ನೇ ಕೊಳ್ಳಬೇಕು.

ನೀರು ಸೋಸುವ ಸಾಧನ ಟೊಳ್ಳು ಎಳೆಗಳದು, ರಂಧ್ರದ ಗಾತ್ರ 0.1 ಮೈಕ್ರಾನ್. ಬ್ಯಾಕ್ಟೀರಿಯಾ, ಏಕಕೋಶ ಜೀವಿಗಳನ್ನು ಅದು ತಡೆಯುತ್ತದೆ. ವೈರಸ್ಸುಗಳನ್ನು ತಡೆಯುವುದಿಲ್ಲ, ಅದಕ್ಕೆ ಕುದಿಸುವುದೋ ಗುಳಿಗೆ ಹಾಕುವುದೋ ಬೇಕು. ಒಮ್ಮೆ ಬಳಸಿದ ಮೇಲೆ ಅದರೊಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಎಳೆಗಳು ಸೀಳಿಹೋಗುತ್ತವೆ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಹಿಮ ಬೀಳುವಂಥ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗಬೇಕು.

ಅಮೆರಿಕದ ಸಿಯಾಟಲ್‌ನ 'ದಿ ಮೌಂಟೆನಿಯರ್ಸ್' ಎಂಬ ಪರ್ವತಾರೋಹಿಗಳ ಸಂಘ 1930ರ ದಶಕದಲ್ಲಿ ತನ್ನ ಶಿಬಿರಾರ್ಥಿಗಳಿಗಾಗಿ ರೂಪಿಸಿದ ಹತ್ತು ಅಗತ್ಯ ವಸ್ತುಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ದಾರಿ ತಪ್ಪಿ ಒಂದು ರಾತ್ರಿ ಹೊರಗೇ ಕಳೆಯಬೇಕಾಗಿ ಬಂದರೆ ಏನಿರಬೇಕು ಎಂಬುದೇ ಅದರ ಹಿಂದಿನ ಯೋಚನೆ. ಹಾಗಾಗಿ ಅದರಲ್ಲಿ ನಕ್ಷೆ, ದಿಕ್ಸೂಚಿ, ಬೆಂಕಿ ಹಚ್ಚುವ ಸಾಧನ, ಚಾಕು, ಹೆಚ್ಚುವರಿ ಬಟ್ಟೆ ಇಂಥವು ಬರುತ್ತವೆ. ಫೋನಿನಲ್ಲಿ ನಕ್ಷೆಯಿದ್ದರೂ ಕಾಗದದ ನಕ್ಷೆಯನ್ನು ನಾನು ಬಿಡಲಿಲ್ಲ. ಚಳಿಗೆ ಫೋನಿನ ಬ್ಯಾಟರಿ ಕುಸಿದದ್ದನ್ನು ಮೂರನೆಯ ಬೆಳಗ್ಗೆ ಕಂಡೆ. ಅಂಗೈಯಲ್ಲಿ ಹಿಡಿಸುವ, ಬೆಳ್ಳಿಬಣ್ಣದ ತುರ್ತು ಹೊದಿಕೆ ಮತ್ತು ಒಂದು ಸೀಟಿ ಎರಡೂ ಸೇರಿ ನೂರು ಗ್ರಾಮೂ ಇಲ್ಲ. ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ತಡೆದು, ಮತ್ತೆ ಊದುವುದು ಪರ್ವತಗಳಲ್ಲಿ ನೆರವು ಕೇಳುವ ಸಂಕೇತ. ಇವನ್ನು ಬಳಸದೆ ಹಿಂದಿರುಗಿದ್ದೇನೆ. ಆದರೂ ಇವನ್ನು ಹೊರೆಯ ಲೆಕ್ಕಕ್ಕೆ ಸೇರಿಸಲಾರೆ.

ಹೊರೆಯೆಂದು ಸಾಬೀತಾದವು ಬೇರೆಯೇ ಇವೆ. ಮೂರನೆಯ ಅಂಗಿ, ಎರಡನೆಯ ಪ್ಯಾಂಟು, ಹದಿನಾಲ್ಕು ಉಪಕರಣಗಳು ಮಡಿಸಿಕೊಂಡಿರುವ ದಪ್ಪ ಚಾಕು (ಬಳಸಿದ್ದು ಅಲಗನ್ನು ಮಾತ್ರ), ಮಡಿಸುವ ಕುರ್ಚಿ. ಇವೆಲ್ಲ ಸೇರಿ ಎರಡು ಕಿಲೋ ದಾಟುತ್ತವೆ. ನಡೆಯುವ ಕೋಲುಗಳು ಮೊದಲ ದಿನ ಇದೇ ಪಟ್ಟಿಯಲ್ಲಿದ್ದವು, ಆದರೆ ಸಾವಿರ ಮೀಟರಿನ ಇಳಿತದಲ್ಲಿ ಮಂಡಿಗಳು ಅವನ್ನು ಪಟ್ಟಿಯಿಂದ ತೆಗೆಸಿದವು. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಎಮ್ಮಾ ಗೇಟ್‌ವುಡ್ ಎಂಬ ಮಹಿಳೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ, ಅಮೆರಿಕದ ಅಪಲೇಚಿಯನ್ ಚಾರಣದ ದಾರಿಯನ್ನು ಕ್ಯಾನ್ವಾಸ್ ಶೂಗಳನ್ನು ತೊಟ್ಟು, ತಾವೇ ಹೊಲಿದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನು ಹೊದ್ದು ಒಬ್ಬರೇ ನಡೆದು ಮುಗಿಸಿದರು. ಈ ಸಂಗತಿಯನ್ನು ದುಬಾರಿ ಸಾಮಾನು ಬೇಡವೆನ್ನುವವರು ಆಗಾಗ ಎತ್ತಿಹೇಳುತ್ತಾರೆ. ಗೇಟ್‌ವುಡ್ ಅವರ ಚೀಲದಲ್ಲಿ ಮಳೆಗೆ, ಚಳಿಗೆ, ಕಾಲಿಗೆ ಬೇಕಾದದ್ದು ಒಂದೊಂದು ಇತ್ತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಕುರ್ಚಿ ಇರಲಿಲ್ಲ.

ಈಗ ಟೆಂಟು ನೆರಳಿನಲ್ಲಿ ಆರುತ್ತಿದೆ, ಸ್ಲೀಪಿಂಗ್ ಬ್ಯಾಗನ್ನು ಅದರ ಇಕ್ಕಟ್ಟಾದ ಚೀಲದಿಂದ ಬಿಡಿಸಿ ಹರವಿ ಹಾಕಿದ್ದೇನೆ. ಶೂಗಳ ಒಳಹಾಸನ್ನು ತೆಗೆದು, ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಗಾಳಿಯಾಡುವ ಕಡೆ ಇಟ್ಟಿದ್ದೇನೆ. ಈ ಬಾರಿ ಪೆಟ್ಟಿಗೆಗೆ ಹಾಕುವುದಿಲ್ಲ. ಕೊಂಡ ತಿಂಗಳನ್ನೂ ವರ್ಷವನ್ನೂ ನಾಲಗೆಯ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಬರೆದಿಟ್ಟಿದ್ದೇನೆ.